ಹೆಸರಳಿದ ಗೃಹಿಣಿಯ ಶಾಸನ

ಸೀಸರನು ಪಾಂಪಿಯೊಡನೆ ಕಾದಿದುದನ್ನೂ, ಆ ಬಳಿಕ ಆಕ್ಟೇವಿಯನನು ಆಂಟನಿಯೊಡನೆ ಕಾದಿದುದನ್ನೂ ಚರಿತ್ರೆಯ ಪುಸ್ತಕಗಳಲ್ಲಿ ಓದದವರು ಕಡಿಮೆ. ಆ ಕಾದಾಟಗಳು ನಡೆಯುತ್ತಿದ್ದಾಗ ರೋಮ್ ನಗರದ ಮನೆಗಳೊಳಗೆ ಏನು ನಡೆಯಿತೆಂಬುದನ್ನು ಹೇಳುವ ಪುಸ್ತಕಗಳು ಮಾತ್ರ ವಿರಳ. ಅದನ್ನು ಹೇಳುವ ಒಂದು ಕಲ್ಲು ಇದೆ. ಅದೂ ಇಡಿಯಾಗಿ ಉಳಿದಿಲ್ಲ. ಎರಡು ದೊಡ್ಡ ಅಂಕಣಗಳಲ್ಲಿ ಸುಮಾರು 180 ಪಂಕ್ತಿಗಳಷ್ಟಿದ್ದ ಆ ಲೇಖವು ಒಡೆದು ಚೂರುಚೂರಾಗಿ, ಕೆಲವು ಚೂರುಗಳು ಕಳೆದುಹೋಗಿ, ಹಿಂದಿನ ವಿದ್ವಾಂಸರು ಮಾಡಿಕೊಂಡಿದ್ದ ನಕಲುಗಳಲ್ಲಿ ಮಾತ್ರ ಬದುಕಿವೆ. 1863ರಲ್ಲಿ ಜರ್ಮನಿಯ ಮಹಾವಿದ್ವಾಂಸ ಥಿಯೊಡೋರ್ ಮಾಮ್ಸೆನ್ನನು ಬರ್ಲಿನ್ನಿನ ವಿದ್ವತ್ಸಭೆಯಲ್ಲಿ ಇದನ್ನು ಕುರಿತು ವಿಸ್ತಾರವಾಗಿ ವಿವೇಚಿಸಿದನು. 1898ರಲ್ಲಿ ರೋಮಿನಲ್ಲಿ ಇನ್ನೊಂದು ತುಂಡು ಸಿಕ್ಕಿತು. 1950ರಲ್ಲಿ ಮತ್ತೊಂದು ತುಂಡನ್ನು ಅಮೆರಿಕೆಯ ಆರ್ಥರ್ ಗಾರ್ಡನ್ನನು ಪ್ರಕಟಿಸಿದನು. ಹೀಗೆ ತುಂಡಿಗೆ ತುಂಡು ಕೂಡಿಸಿ ಓದಿದಾಗ ಹೊರಬರುವುದು ಯಾವ ರಾಜನ ದಾನವೂ ಅಲ್ಲ, ಯಾವ ಸೇನಾನಿಯ ಜಯವೂ ಅಲ್ಲ. ಗಂಡನೊಬ್ಬನು ತೀರಿಹೋದ ತನ್ನ ಹೆಂಡತಿಯನ್ನು ಎದುರಿಗೆ ಕುಳಿತವಳನ್ನು ಮಾತಾಡಿಸುವಂತೆ 'ನೀನು' ಎಂದು ಕರೆದು ಆಡಿದ ಮಾತು.

ಸತ್ತವರನ್ನು ಸ್ತುತಿಸಿ ಭಾಷಣ ಮಾಡುವುದು ರೋಮಿನ ಕುಲೀನರಲ್ಲಿ ಹಳೆಯ ಪದ್ಧತಿ. ಅದನ್ನು ಕಲ್ಲಿನಲ್ಲಿ ಇಷ್ಟು ಉದ್ದವಾಗಿ ಕೊರೆಯಿಸುವುದು ಅಪೂರ್ವ. ಕನ್ನಡನಾಡಿನವರಿಗೆ ವೀರಗಲ್ಲು ಮಾಸ್ತಿಕಲ್ಲುಗಳ ಪರಿಚಯವಿದೆ. ಗಂಡನೊಡನೆ ಪ್ರಾಣಬಿಟ್ಟವಳಿಗೆ ನೆಟ್ಟ ಕಲ್ಲು ಊರೂರಿನಲ್ಲಿ ಸಿಗುತ್ತದೆ. ಗಂಡನನ್ನು ಸಾಯಗೊಡದೆ ಎರಡು ಸಲ ಉಳಿಸಿಕೊಂಡ ಹೆಂಡತಿಗೆ ಆ ಗಂಡನೇ ನಿಲ್ಲಿಸಿದ ಕಲ್ಲು ಇದು.

ವಿಧಿಯ ವಿನೋದವೆಂದರೆ ಆಕೆಯ ಹೆಸರು ಕಲ್ಲಿನಲ್ಲಿ ಉಳಿದಿಲ್ಲ. ಗಂಡನ ಹೆಸರೂ ಉಳಿದಿಲ್ಲ. ಆಕೆಯ ತಂಗಿಯೋ ಅಕ್ಕನೋ ಆದವಳ ಗಂಡ ಕ್ಲೂವಿಯಸ್ ಎಂಬಾತನ ಹೆಸರು ಮಾತ್ರ ಸ್ಪಷ್ಟವಾಗಿ ಓದಬರುತ್ತದೆ. ತಲೆಬರಹದಲ್ಲಿ ಒಡಕಿಗೆ ಸಿಕ್ಕದೆ ನಿಂತಿರುವ ಪದ 'ಹೆಂಡತಿಯ' ಎಂಬುದೊಂದೇ.

ಕ್ರಿ. ಪೂ. 49ನೆಯ ವರ್ಷದ ಆದಿಯಲ್ಲಿ ಜೂಲಿಯಸ್ ಸೀಸರನು ರೂಬಿಕಾನ್ ಹೊಳೆಯನ್ನು ದಾಟಿ ಸೈನ್ಯದೊಡನೆ ಇಟಲಿಯೊಳಕ್ಕೆ ಬಂದನು. ಅವನನ್ನು ಎದುರಿಸಲಾರದೆ ಪಾಂಪಿಯೂ ಸೆನೇಟಿನ ಬಹುಮಂದಿಯೂ ರೋಮನ್ನು ತೊರೆದು ದಕ್ಷಿಣಕ್ಕೆ ಓಡಿದರು. ಮಾರ್ಚ್ ತಿಂಗಳಲ್ಲಿ ಬ್ರುಂಡೀಸಿಯಮ್ ರೇವಿನಿಂದ ಹಡಗು ಹತ್ತಿ ಸಮುದ್ರದಾಚೆಗೆ ಹೋದರು. ಈ ಕಥೆಯ ಪುರುಷನೂ ಆ ಹೊತ್ತಿನಲ್ಲಿ ಮ್ಯಾಸಿಡೋನಿಯಕ್ಕೆ ಹೊರಟನು. ಕ್ಲೂವಿಯಸನು ಆಫ್ರಿಕ ಪ್ರಾಂತಕ್ಕೆ ಹೋದನು. ಮನೆಯ ಗಂಡಸರಿಬ್ಬರೂ ಹೀಗೆ ದಿಕ್ಕಿಗೊಬ್ಬರಾಗಿದ್ದ ಕಾಲದಲ್ಲಿ, ಇನ್ನೂ ಮದುವೆಯ ದಿನವೇ ಬಾರದಿರುವಾಗ, ಆ ಹುಡುಗಿಯ ತಾಯಿತಂದೆಗಳನ್ನು ಹಳ್ಳಿಗಾಡಿನ ಏಕಾಂತದಲ್ಲಿ ಯಾರೋ ಒಟ್ಟಿಗೆ ಕೊಂದರು. ಕೊಂದವರು ಯಾರು, ಏಕೆ ಕೊಂದರು ಎಂಬುದನ್ನು ಕಲ್ಲು ಹೇಳುವುದಿಲ್ಲ. ಕೊಲೆಗಡುಕರನ್ನು ಹುಡುಕಿ, ಬಿಡದೆ ಬೆನ್ನುಹತ್ತಿ, ದಂಡನೆಯಾಗುವವರೆಗೂ ಆಕೆಯೂ ಅವಳ ಒಡಹುಟ್ಟಿದವಳೂ ಸುಮ್ಮನಿರಲಿಲ್ಲವೆಂದು ಹೇಳುತ್ತದೆ. ಗಂಡಸರು ಊರಿನಲ್ಲಿದ್ದಿದ್ದರೂ ಇದಕ್ಕಿಂತ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲವೆಂದು ಗಂಡನೇ ಒಪ್ಪಿಕೊಳ್ಳುತ್ತಾನೆ. ಆ ಕೆಲಸ ಮುಗಿದ ಬಳಿಕ ಆಕೆ ತನ್ನ ಮಾನರಕ್ಷಣೆಗಾಗಿ ಭಾವೀ ಪತಿಯ ತಾಯಿಯ ಮನೆಗೆ ಬಂದು ಸೇರಿ, ಅವನು ಹಿಂದಿರುಗುವುದನ್ನು ಕಾಯುತ್ತ ಕುಳಿತಳು.

ಕಾಯುವವರಿಗೆ ಆ ಕಾಲವು ನೆಮ್ಮದಿ ಕೊಡಲಿಲ್ಲ. ಸತ್ತ ತಂದೆ ತನ್ನ ಮರಣಶಾಸನದಲ್ಲಿ ಮಗಳನ್ನೂ ಅಳಿಯನನ್ನೂ ಹಕ್ಕುದಾರರನ್ನಾಗಿ ಮಾಡಿದ್ದನು. ಆ ಬರಹವಾದ ಮೇಲೆ ಅವನು ತನ್ನ ಹೆಂಡತಿಯೊಡನೆ ಒಂದು ವಿವಾಹವಿಧಿಯನ್ನು ಮಾಡಿಕೊಂಡುದರಿಂದ ಮೊದಲಿನ ಮರಣಶಾಸನವೇ ಬಿದ್ದುಹೋಯಿತೆಂದು ಕೆಲವರು ವ್ಯಾಜ್ಯವೆತ್ತಿದರು. ವಾದವು ನಿಂತರೆ ಆಸ್ತಿಯೆಲ್ಲ ಈಕೆಗೆ ಬರುತ್ತಿತ್ತು. ಬಂದರೂ ಈಕೆಯೇ ಆ ಆಸ್ತಿಯೊಡನೆ ತಾವು ಅದೇ ಕುಲದವರೆನ್ನುತ್ತಿದ್ದ ಅವರ ಪೋಷಕತ್ವಕ್ಕೆ ಒಳಗಾಗಬೇಕಾಗಿತ್ತು. ಮದುವೆಯಾಗಿ ಗಂಡನ ಅಧಿಕಾರಕ್ಕೆ ಸೇರಿಹೋಗಿದ್ದ ಒಡಹುಟ್ಟಿದವಳಿಗೆ ಏನೂ ದಕ್ಕುತ್ತಿರಲಿಲ್ಲ. ನ್ಯಾಯಶಾಸ್ತ್ರದ ಈ ಸಿಕ್ಕನ್ನು ಆಕೆ ಬಿಡಿಸಿದ ರೀತಿ ಮೆಚ್ಚತಕ್ಕದ್ದು. ಮರಣಶಾಸನ ಬಿದ್ದಿಲ್ಲ, ಬಿದ್ದಿದೆಯೆಂದೇ ಇಟ್ಟುಕೊಂಡರೂ ನೀವು ನಮ್ಮ ಕುಲದವರಲ್ಲ, ನಿಮಗೆ ಪೋಷಕತ್ವದ ಹಕ್ಕಿಲ್ಲ, ಕಡೆಗೆ ಆಸ್ತಿಯೆಲ್ಲ ತನಗೇ ಬಂದರೂ ಒಡಹುಟ್ಟಿದವಳೊಡನೆ ಹಂಚಿಕೊಳ್ಳುವೆನು, ಇದು ಆಕೆಯ ನಿಲುವು. ವಾದಿಗಳು ಅವಳ ಹಠಕ್ಕೆ ಸೋತು ವ್ಯಾಜ್ಯವನ್ನು ಬಿಟ್ಟುಬಿಟ್ಟರು. ಇದೆಲ್ಲ ನಡೆದಾಗ ತಾನು ಊರಿನಲ್ಲಿರಲಿಲ್ಲವೆಂಬುದನ್ನು ಗಂಡನು ಮತ್ತೆ ನೆನೆಯುತ್ತಾನೆ. ಲೇಖದಲ್ಲಿ ಪುನಃಪುನಃ ಮೇಲಕ್ಕೆ ಬರುವುದು ಈ ಮಾತೇ: ಬೇಕಾದಾಗ ತಾನು ಇರಲಿಲ್ಲ.

ಸಮುದ್ರದಾಚೆ ಇದ್ದವನ ಸ್ಥಿತಿಯೂ ಸುಖದ್ದಲ್ಲ. ಆಕೆ ಮೈಮೇಲಿನ ಚಿನ್ನವನ್ನೂ ಮುತ್ತುಗಳನ್ನೂ ತೆಗೆದು ಅವನಿಗೆ ಕಳುಹಿಸಿದಳು. ಆಮೇಲೂ ಆಗಾಗ ಆಳುಗಳನ್ನು, ಹಣವನ್ನು, ಧಾನ್ಯಾದಿಗಳನ್ನು ಒದಗಿಸುತ್ತಲೇ ಇದ್ದಳು. ಮನೆಯ ಸುತ್ತ ವೈರಿಗಳ ಕಾವಲಿತ್ತು. ಆ ಕಾವಲಿನವರ ಕಣ್ಣಿಗೆ ಮಣ್ಣೆರಚಿ ಇದನ್ನು ನಡೆಸಿದಳು. ಕಳ್ಳತನದಲ್ಲಿ ಸಾಮಾನು ಸಾಗಿಸುವುದರ ಜೊತೆಗೆ, ಬಹಿರಂಗವಾಗಿ ಅಧಿಕಾರಿಗಳ ಬಳಿಗೆ ಹೋಗಿ ಅವನ ಪ್ರಾಣವನ್ನು ಬೇಡುವ ಕೆಲಸವೂ ಇತ್ತು. ಗೆದ್ದವರ ಪಕ್ಷದವರ ಮುಂದೆ ಸೋತವನ ಪರವಾಗಿ ನಿಲ್ಲುವುದು ಎಷ್ಟು ಕಠಿಣವೆಂಬುದು ಯಾರಿಗೂ ತಿಳಿದ ಮಾತು. ಕ್ರಿ. ಪೂ. 48ನೆಯ ವರ್ಷ ಆಗಸ್ಟಿನಲ್ಲಿ ಫಾರ್ಸಾಲಸ್ಸಿನಲ್ಲಿ ಪಾಂಪಿಯ ಸೈನ್ಯವು ನಾಶವಾದ ಮೇಲಂತೂ ಅವನ ಕಡೆಯವರಿಗೆ ಕ್ಷಮೆ ಬೇಡುವುದಲ್ಲದೆ ಬೇರೆ ದಾರಿಯೇ ಇರಲಿಲ್ಲ.

ಅದೇ 48ರಲ್ಲಿ ಇನ್ನೊಂದು ಉಪದ್ರವ ಬಂತು. ರೋಮಿನ ಬೀದಿಗಳಲ್ಲಿ ಪುಂಡರ ಪಡೆ ಕಟ್ಟಿಕೊಂಡು ಕ್ಲೋಡಿಯಸನೊಡನೆ ಹೋರಾಡಿ, ಕ್ರಿ. ಪೂ. 52ರಲ್ಲಿ ಅವನ ಕೊಲೆಗೆ ಕಾರಣನಾಗಿ ದೇಶಭ್ರಷ್ಟನಾಗಿದ್ದ ಮಿಲೋ ಎಂಬುವನ ಹೆಸರು ಸಿಸೆರೋನ ಪ್ರಸಿದ್ಧ ಭಾಷಣದಿಂದ ಅನೇಕರಿಗೆ ಪರಿಚಿತ. ಅವನು ದೇಶದಾಚೆ ಇದ್ದಾಗ ಅವನ ಮನೆಯೊಂದನ್ನು ಈ ದಂಪತಿಗಳು ಕೊಂಡುಕೊಂಡಿದ್ದರು. ಅಂತಃಕಲಹದ ಗೊಂದಲವನ್ನೇ ಸುಸಮಯವೆಂದು ಬಗೆದು ಮಿಲೋ ಹಿಂದಿರುಗಿ ದಂಗೆಯೆಬ್ಬಿಸಿದನು. ಅವನು ಕೂಡಿಹಾಕಿದ ಗುಂಪು ಆ ಮನೆಯನ್ನು ಒಡೆದು ದೋಚಲು ನುಗ್ಗಿತು. ಗಂಡನು ಮನೆಯಲ್ಲಿಲ್ಲ. ಹೆಂಗಸೊಬ್ಬಳೇ ಆ ಗುಂಪನ್ನು ಹಿಮ್ಮೆಟ್ಟಿಸಿ ಮನೆಯನ್ನು ಕಾಪಾಡಿದಳು. ಹೇಗೆ ಹಿಮ್ಮೆಟ್ಟಿಸಿದಳು? ಆಳುಗಳಿಗೆ ದೊಣ್ಣೆ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದಳೋ, ನೆರೆಯವರನ್ನು ಕೂಗಿ ಕರೆದಳೋ? ಕಲ್ಲು ಅಷ್ಟು ಬಿಡಿಸಿ ಹೇಳುವುದಿಲ್ಲ. ಕಾದಾಟದ ವರ್ಣನೆ ಕೇಳಬಯಸುವ ವಾಚಕರಿಗೆ ಇದು ನಿರಾಶೆಯೇ. ಆದರೆ ಗಂಡನು ಕಣ್ಣಾರೆ ಕಾಣದ್ದನ್ನು ಕಂಡಂತೆ ಬಣ್ಣಿಸಲು ಹೋಗಿಲ್ಲವೆಂಬುದೇ ಅವನ ಮಾತಿನಲ್ಲಿ ನಂಬಿಕೆ ಹುಟ್ಟಿಸುತ್ತದೆ. ಮಿಲೋ ಆ ವರ್ಷವೇ ಇಟಲಿಯ ದಕ್ಷಿಣದಲ್ಲಿ ಕಾಳಗದಲ್ಲಿ ಸತ್ತನು.

ಗಂಡನಿಗೆ ಕ್ಷಮೆ ದೊರೆತು ಅವನು ರೋಮಿಗೆ ಬಂದು ಸೇರಿದನು. ನೆಮ್ಮದಿಯ ವರ್ಷಗಳು ಹೆಚ್ಚು ಉಳಿಯಲಿಲ್ಲ. ಕ್ರಿ. ಪೂ. 44ರ ಮಾರ್ಚ್ 15ರಂದು ಸೀಸರನ ಕೊಲೆಯಾಯಿತು. ಮಾರನೆಯ ವರ್ಷದ ನವೆಂಬರಿನಲ್ಲಿ ಆಂಟನಿ, ಲೆಪಿಡಸ್, ತರುಣ ಆಕ್ಟೇವಿಯನ್ ಈ ಮೂವರು ಬೊನೋನಿಯದ ಬಳಿ ಸೇರಿ ರಾಜ್ಯವನ್ನು ಹಂಚಿಕೊಂಡರು. ಹಂಚಿಕೊಂಡುದು ರಾಜ್ಯವನ್ನು ಮಾತ್ರವಲ್ಲ, ತಲೆಗಳನ್ನು ಕೂಡ. ಕೊಲ್ಲತಕ್ಕವರ ಹೆಸರುಗಳ ಪಟ್ಟಿಯನ್ನು ಬರೆದು ಬಹಿರಂಗವಾಗಿ ಅಂಟಿಸಿದರು. ಪಟ್ಟಿಯಲ್ಲಿ ಹೆಸರಿದ್ದವನ ತಲೆ ತಂದವನಿಗೆ ಹಣ. ಗುಲಾಮನಾದರೆ ಹಣದೊಡನೆ ಬಿಡುಗಡೆ. ಅಡಗಿಸಿಟ್ಟವನಿಗೆ ಅದೇ ಮರಣದಂಡನೆ. ಸತ್ತವನ ಆಸ್ತಿ ಸರಕಾರಕ್ಕೆ. ಸುಮಾರು 300 ಮಂದಿ ಸೆನೇಟರುಗಳ, 2000 ಮಂದಿ ಅಶ್ವಾರೋಹಿ ವರ್ಗದವರ ಹೆಸರುಗಳು ಇದ್ದವೆಂದು ಎರಡನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಚರಿತ್ರೆ ಬರೆದ ಅಪ್ಪಿಯನನು ಹೇಳುತ್ತಾನೆ. ಲೆಪಿಡಸನು ತನ್ನ ಸ್ವಂತ ಅಣ್ಣನನ್ನೂ, ಆಂಟನಿಯು ತನ್ನ ಸೋದರಮಾವನನ್ನೂ ಆ ಪಟ್ಟಿಗೆ ಬಿಟ್ಟುಕೊಟ್ಟರು. ಅವರಿಬ್ಬರು ಹೇಗೋ ಉಳಿದುಕೊಂಡರು. ಸಿಸೆರೋ ಉಳಿಯಲಿಲ್ಲ, ಡಿಸೆಂಬರ್ 7ರಂದು ಅವನ ತಲೆ ಉರುಳಿತು.

ಅಪ್ಪಿಯನನ ಗ್ರಂಥದಲ್ಲಿ ಆ ದಿನಗಳ ಸಂಸಾರಗಳ ಕಥೆಗಳು ಸಾಲಾಗಿ ಬಂದಿವೆ. ಒಬ್ಬಳು ಗಂಡನನ್ನು ಅಡಗಿಸಿ ಉಳಿಸಿದಳು. ಇನ್ನೊಬ್ಬಳು, ಸೆಪ್ಟಿಮಿಯಸ್ ಎಂಬುವನ ಹೆಂಡತಿ, ತನ್ನಲ್ಲಿ ಆಶ್ರಯ ಬೇಡಿ ಬಂದ ಗಂಡನನ್ನು ಬಾಗಿಲು ಹಾಕಿ ಕೂಡಿಟ್ಟು ಕೊಲೆಗಾರರ ಕೈಗೆ ಕೊಟ್ಟು, ಅವನು ಸತ್ತ ದಿನವೇ ಬೇರೊಬ್ಬನನ್ನು ಮದುವೆಯಾದಳು. ತೂಗಿ ನೋಡಿದರೆ ಮೊದಲ ಬಗೆಯವರೇ ಹೆಚ್ಚು. ಆ ವಿಪತ್ತಿನಲ್ಲಿ ಹೆಂಡಿರ ನಿಷ್ಠೆ ಎಲ್ಲರಿಗಿಂತ ಮಿಗಿಲಾಗಿತ್ತೆಂದೂ, ಬಿಡುಗಡೆ ಹೊಂದಿದ ಸೇವಕರದು ಮಧ್ಯಮವಾಗಿತ್ತೆಂದೂ, ಗುಲಾಮರಲ್ಲಿ ಅಲ್ಪಸ್ವಲ್ಪವಿತ್ತೆಂದೂ, ಗಂಡುಮಕ್ಕಳಲ್ಲಿ ಇರಲೇ ಇಲ್ಲವೆಂದೂ ಇತಿಹಾಸಕಾರ ವೆಲ್ಲೆಯಸನು ಅಭಿಪ್ರಾಯಪಟ್ಟಿದ್ದಾನೆ. ಆಸ್ತಿಗೆ ಕಾದಿದ್ದ ಮಕ್ಕಳ ವಿಷಯದಲ್ಲಿ ಅವನ ಮಾತು ಕಟುವಾದರೂ ಸುಳ್ಳಾಗಿರಲಾರದು.

ಈ ದಂಪತಿಗಳ ಎರಡನೆಯ ಅಗಲಿಕೆ ಇಲ್ಲಿಂದ ಆರಂಭವಾಗುತ್ತದೆ. ಅಪಾಯದ ಸುದ್ದಿ ಬಂದೊಡನೆ ಗಂಡನು ದುಡುಕಿ ಏನನ್ನೋ ಮಾಡಹೊರಟನು. ಆಕೆ ಅವನನ್ನು ತಡೆದು, ಸುರಕ್ಷಿತವಾದ ಅಡಗುದಾಣವೊಂದನ್ನು ಸಿದ್ಧಮಾಡಿದಳು. ಒಡಹುಟ್ಟಿದವಳೂ ಕ್ಲೂವಿಯಸನೂ ಮಾತ್ರ ಗುಟ್ಟಿನಲ್ಲಿ ಪಾಲುದಾರರು; ಸಿಕ್ಕಿಬಿದ್ದರೆ ನಾಲ್ವರಿಗೂ ಒಂದೇ ಗತಿ. ಆ ದಿನಗಳಲ್ಲಿ ಗಂಡಹೆಂಡಿರು ಪಿಸುಮಾತಿನಲ್ಲಿ ಮಾಡಿಕೊಂಡ ಆಲೋಚನೆಗಳನ್ನು ಈಗ ಜನರ ಮುಂದೆ ಏಕೆ ತೆರೆದಿಡಬೇಕೆಂದು ಹೇಳಿ ಗಂಡನು ಮುಂದಕ್ಕೆ ಸಾಗುತ್ತಾನೆ. ಚರಿತ್ರಕಾರನಿಗೆ ಇದರಿಂದ ನಷ್ಟವೇನೋ ಹೌದು.

ಕ್ರಿ. ಪೂ. 42ರಲ್ಲಿ ಆಂಟನಿಯೂ ಆಕ್ಟೇವಿಯನನೂ ಬ್ರೂಟಸ್ ಮತ್ತು ಕ್ಯಾಸಿಯಸರ ಮೇಲೆ ಯುದ್ಧಕ್ಕೆ ಹೋದರು. ರೋಮಿನಲ್ಲಿ ಉಳಿದವನು ಲೆಪಿಡಸ್. ದೂರದಲ್ಲಿದ್ದ ಆಕ್ಟೇವಿಯನನು ಈಕೆಯ ಗಂಡನನ್ನು ಕ್ಷಮಿಸಿ, ಪೌರತ್ವವನ್ನು ಮರಳಿ ಕೊಟ್ಟು ಆಜ್ಞೆಯನ್ನು ಹೊರಡಿಸಿದನು. ಆಜ್ಞೆಯನ್ನು ನಡೆಸಬೇಕಾದವನು ಊರಿನಲ್ಲಿದ್ದ ಲೆಪಿಡಸನು, ಅವನು ನಡೆಸಲಿಲ್ಲ. ಆಕೆ ಅವನ ಸಮ್ಮುಖಕ್ಕೆ ಹೋಗಿ ಕಾಲಿಗೆ ಬಿದ್ದಳು. ಬಿದ್ದವಳನ್ನು ಎಬ್ಬಿಸುವ ಸೌಜನ್ಯವನ್ನೂ ಅವನು ತೋರಿಸಲಿಲ್ಲ. ಗುಲಾಮ ಹೆಂಗಸನ್ನು ಎಳೆಯುವಂತೆ ಅವಳನ್ನು ಎಳೆಯಿಸಿದನು. ಮೈತುಂಬ ಪೆಟ್ಟುಗಳು ಬಿದ್ದುವು, ಬೈಗುಳಗಳು ಬಿದ್ದುವು. ಆ ಸ್ಥಿತಿಯಲ್ಲಿಯೇ ಆಕೆ ಆಕ್ಟೇವಿಯನನ ಆಜ್ಞೆಯ ಮಾತುಗಳನ್ನು, ಅದರಲ್ಲಿ ತನ್ನ ಗಂಡನ ಪುನಃಪ್ರಾಪ್ತಿಗಾಗಿ ಬರೆದಿದ್ದ ಸಂತೋಷದ ಮಾತನ್ನೂ ಬಿಡದೆ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು. ಗಂಡನ ಪ್ರಾಣಕ್ಕೆ ಸಂಚಕಾರ ತಂದವನು ಯಾರೆಂಬುದು ಊರಿಗೆಲ್ಲ ತಿಳಿಯಲೆಂಬುದೇ ಅವಳ ಉದ್ದೇಶ.

ತನ್ನ ಬಾಳಿನಲ್ಲಿ ಇದಕ್ಕಿಂತ ಕಹಿಯಾದುದು ಮತ್ತೊಂದಿಲ್ಲವೆಂದು ಗಂಡನು ಬರೆಯಿಸಿದ್ದಾನೆ. ಗಡೀಪಾರಾದುದು, ಅಡಗಿ ಕುಳಿತುದು, ಪಟ್ಟಿಯಲ್ಲಿ ತನ್ನ ಹೆಸರು ಬಂದುದು ಇವೆಲ್ಲ ಅವನ ಲೆಕ್ಕದಲ್ಲಿ ಇದರ ಹಿಂದೆ. ಅಡಗುದಾಣದಲ್ಲಿ ಕುಳಿತವನು ಈ ಸುದ್ದಿಯನ್ನು ಕೇಳಿ ಹೊರಗೆ ಬರಲಾರದೆ ಪಟ್ಟ ಪಾಡನ್ನು ಊಹಿಸಬಹುದಲ್ಲದೆ ವರ್ಣಿಸಲಾಗದು. ನಡೆದುದು ಕಡೆಗೆ ಲೆಪಿಡಸನಿಗೇ ಹಾನಿಯಾಯಿತೆಂದು ಲೇಖವು ಮಿತವಾದ ಮಾತಿನಲ್ಲಿ ಸೂಚಿಸುತ್ತದೆ. ಕ್ರಿ. ಪೂ. 36ರಲ್ಲಿ ಆಕ್ಟೇವಿಯನನು ಅವನ ಅಧಿಕಾರವನ್ನು ಕಿತ್ತುಕೊಂಡನು. ಮುಖ್ಯ ಪುರೋಹಿತನೆಂಬ ಬಿರುದೊಂದನ್ನು ಹೊತ್ತು, ಯಾರಿಗೂ ಬೇಡದವನಾಗಿ ಅವನು ಇನ್ನೂ ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ಬದುಕಿದ್ದನು. ಒಬ್ಬ ಹೆಂಗಸಿನ ಕಣ್ಣೀರೇ ಅವನ ಪತನಕ್ಕೆ ಕಾರಣವೆಂದರೆ ಇತಿಹಾಸವು ಒಪ್ಪದು. ಸಿಸಿಲಿಯ ಸೈನ್ಯಗಳು ಅವನನ್ನು ಬಿಟ್ಟುಹೋದುದು ಕಾರಣ. ಆದರೂ ಗಂಡನಾದವನು ಹಾಗೆ ನಂಬಿದರೆ ಅವನನ್ನು ಆಕ್ಷೇಪಿಸುವುದು ಹೇಗೆ?

ಈ ದಂಪತಿಗಳು ಯಾರು? ಅಪ್ಪಿಯನನೂ ವಲೇರಿಯಸ್ ಮ್ಯಾಕ್ಸಿಮಸನೂ ಹೇಳುವ ಕಥೆಯೊಂದಿದೆ. ಕ್ವಿಂಟಸ್ ಲುಕ್ರೀಷಿಯಸ್ ಎಂಬುವನನ್ನು ಅವನ ಹೆಂಡತಿ ಟೂರಿಯಾ ಮಲಗುವ ಕೋಣೆಯ ಮೇಲ್ಕಟ್ಟಿಗೂ ಛಾವಣಿಗೂ ನಡುವೆ ಅಡಗಿಸಿಟ್ಟು ಉಳಿಸಿದಳು, ಅವನು ಕ್ರಿ. ಪೂ. 19ರಲ್ಲಿ ಕಾನ್ಸಲ್ ಪದವಿಗೇರಿದನು. ಶಾಸನದ ಗೃಹಿಣಿ ಈ ಟೂರಿಯಾ ಎಂದೇ ಬಹುಕಾಲ ನಂಬಿಕೆಯಿತ್ತು; ಮಾಮ್ಸೆನ್ನನೂ ಆ ಪಕ್ಷದವನೇ. ಇಂದಿಗೂ ವಿದ್ವಾಂಸರು ವ್ಯವಹಾರದಲ್ಲಿ ಇದನ್ನು 'ಟೂರಿಯಾ ಪ್ರಶಸ್ತಿ' ಎಂದೇ ಕರೆಯುತ್ತಾರೆ. ಆದರೆ ದೊರೆತ ಭಾಗದಲ್ಲಿ ಛಾವಣಿಯ ಮಾತಿಲ್ಲ, ಕಾನ್ಸಲ್ ಪದವಿಯ ಮಾತೂ ಇಲ್ಲ. ರೋಮಿನ ಕುಲೀನನೊಬ್ಬನು ಕಾನ್ಸಲನಾಗಿದ್ದೂ ಅದನ್ನು ಹೇಳದೆ ಬಿಟ್ಟನೆಂಬುದು ಸುಲಭವಾಗಿ ನಂಬತಕ್ಕುದಲ್ಲ. ಆದುದರಿಂದ ಈಗ ಹೆಚ್ಚಿನವರು ಈ ಗುರುತನ್ನು ಒಪ್ಪುವುದಿಲ್ಲ. ಆ ಭಯಂಕರ ದಿನಗಳಲ್ಲಿ ಒಬ್ಬಳೇ ಟೂರಿಯಾ ಇದ್ದಳೆಂದು ತಿಳಿಯುವುದಕ್ಕಿಂತ, ಹೆಸರುಳಿದವಳೊಬ್ಬಳು ಹೆಸರಳಿದವಳೊಬ್ಬಳು ಎಂದು ಇಬ್ಬರನ್ನೂ ಬೇರೆಬೇರೆಯಾಗಿ ಗೌರವಿಸುವುದೇ ಸರಿಯೆಂದು ತೋರುತ್ತದೆ.

ಯುದ್ಧಗಳು ಮುಗಿದು ಶಾಂತಿ ನೆಲಸಿದ ಮೇಲೆ ಇವರ ಬಾಳಿನಲ್ಲಿ ಉಳಿದ ಕೊರತೆ ಒಂದೇ: ಮಕ್ಕಳಾಗಲಿಲ್ಲ. ಶಾಸನದ ಅತ್ಯಂತ ವಿಚಿತ್ರವಾದ ಭಾಗವಿದು. ಆಕೆ ತನ್ನಿಂದ ಗಂಡನ ವಂಶ ನಿಲ್ಲುವುದೆಂದು ನೊಂದು, ತನ್ನನ್ನು ಬಿಟ್ಟು ಬೇರೆ ಮದುವೆಯಾಗಬೇಕೆಂದು ತಾನೇ ಕೇಳಿದಳು. ಕೇಳಿದುದಷ್ಟೇ ಅಲ್ಲ: ತಕ್ಕ ಕನ್ಯೆಯನ್ನು ತಾನೇ ಹುಡುಕಿ ತರುವೆನೆಂದಳು; ಹುಟ್ಟುವ ಮಕ್ಕಳನ್ನು ತನ್ನವೆಂದೇ ಎಣಿಸುವೆನೆಂದಳು; ಆಸ್ತಿಯನ್ನು ಬೇರೆ ಮಾಡುವುದಿಲ್ಲವೆಂದೂ, ಮುಂದೆ ಸೋದರಿಯಂತೆ, ಅತ್ತೆಯಂತೆ ನಡೆದುಕೊಳ್ಳುವೆನೆಂದೂ ಹೇಳಿದಳು. ರೋಮಿನಲ್ಲಿ ಬಂಜೆತನಕ್ಕಾಗಿ ಹೆಂಡತಿಯನ್ನು ಬಿಡುವುದು ಹೊಸದಲ್ಲ. ಸ್ಪೂರಿಯಸ್ ಕಾರ್ವಿಲಿಯಸ್ ಎಂಬುವನು ಆ ಕಾರಣಕ್ಕೆ ಹೆಂಡತಿಯನ್ನು ಬಿಟ್ಟುದು ಮೂರನೆಯ ಶತಮಾನದಷ್ಟು ಹಿಂದಿನ ಮಾತು. ಅಗಸ್ಟಸನೆಂಬ ಬಿರುದು ಧರಿಸಿದ ಆಕ್ಟೇವಿಯನನು ಕ್ರಿ. ಪೂ. 18ರಲ್ಲಿ ವಿವಾಹವನ್ನೂ ಸಂತಾನವನ್ನೂ ಪ್ರೋತ್ಸಾಹಿಸುವ ಶಾಸನವನ್ನು ಮಾಡಿದನು. ಲೋಕರೂಢಿಯೆಲ್ಲ ಗಂಡನ ಪಕ್ಷದಲ್ಲಿಯೇ ಇತ್ತು.

ಗಂಡನಿಗೆ ಬಂದುದು ಕೃತಜ್ಞತೆಯಲ್ಲ, ಕೋಪ. ಬುದ್ಧಿ ಕೈಮೀರುವಷ್ಟು ಸಿಟ್ಟುಬಂದಿತೆಂದೂ, ಮನಸ್ಸು ಹಿಡಿತಕ್ಕೆ ಬರುವುದೇ ಕಷ್ಟವಾಯಿತೆಂದೂ ಅವನೇ ಒಪ್ಪಿಕೊಳ್ಳುತ್ತಾನೆ. ತಾನು ದೇಶಭ್ರಷ್ಟನಾಗಿ ಸತ್ತವನಿಗೆ ಸಮನಾಗಿದ್ದಾಗ ಬಿಡದವಳು, ಈಗ ಬದುಕಿರುವಾಗ ಬಿಟ್ಟುಹೋಗುವ ಮಾತನ್ನು ಮನಸ್ಸಿಗೆ ತಂದುಕೊಂಡುದಾದರೂ ಹೇಗೆಂಬುದು ಅವನ ನೋವು. ಯುದ್ಧವು ಎರಡು ಸಲ ಬೇರ್ಪಡಿಸಿದುದನ್ನು ತಾವಾಗಿಯೇ ಮೂರನೆಯ ಸಲ ಮಾಡಿಕೊಳ್ಳಲು ಅವನು ಒಪ್ಪಲಿಲ್ಲ. ಸಂತತಿಯಿಲ್ಲದೆಯೇ ಅವರು ಒಟ್ಟಿಗೆ ಉಳಿದರು.

ಹೊಗಳಿಕೆಯ ರೂಢಿಯ ಮಾತುಗಳು ಶಾಸನದಲ್ಲಿ ಇಲ್ಲದಿಲ್ಲ. ವಿನಯ, ಸೌಮ್ಯತೆ, ಉಣ್ಣೆ ನೂಲುವುದರಲ್ಲಿ ಶ್ರದ್ಧೆ, ಮೌಢ್ಯವಿಲ್ಲದ ದೈವಭಕ್ತಿ, ಆಡಂಬರವಿಲ್ಲದ ಉಡುಪು ಇವೆಲ್ಲ ಬರುತ್ತವೆ. ಆದರೆ ಇವು ಒಳ್ಳೆಯ ಗೃಹಿಣಿಯರಿಗೆಲ್ಲ ಸಾಮಾನ್ಯವಾದುವೆಂದು ಗಂಡನು ತಾನೇ ಹೇಳಿ, ಒಂದೇ ಉಸಿರಿನಲ್ಲಿ ದಾಟಿಬಿಡುತ್ತಾನೆ. ಬಂಧುಗಳ ಹೆಣ್ಣುಮಕ್ಕಳನ್ನು ಆಕೆ ಮನೆಯಲ್ಲಿಟ್ಟುಕೊಂಡು ಸಾಕಿದುದನ್ನೂ, ಅವರಿಗೆ ವರದಕ್ಷಿಣೆ ಒದಗಿಸಿದುದನ್ನೂ, ಆ ಭಾರವನ್ನು ತಾನೂ ಕ್ಲೂವಿಯಸನೂ ಕೂಡಿ ಹೊತ್ತುದನ್ನೂ ಕೊಂಚ ನಿಂತು ಹೇಳುತ್ತಾನೆ. ಆಸ್ತಿಯ ವಿಷಯದಲ್ಲಿ ಆಕೆಯದನ್ನು ಅವನೂ ಅವನದನ್ನು ಆಕೆಯೂ ನೋಡಿಕೊಳ್ಳುತ್ತಿದ್ದರಂತೆ.

ವಿಚ್ಛೇದನವು ದಿನಬಳಕೆಯಾಗಿದ್ದ ಆ ಕಾಲದಲ್ಲಿ ಇವರ ದಾಂಪತ್ಯವು ನಲವತ್ತು ವರ್ಷಗಳನ್ನು ದಾಟಿ ಸಾವಿನಿಂದಲೇ ಮುಗಿಯಿತು. ಹಿರಿಯನಾದ ತಾನು ಮೊದಲು ಹೋಗಿದ್ದರೆ ನ್ಯಾಯವಾಗುತ್ತಿತ್ತೆಂದು ಗಂಡನು ಹಲುಬುತ್ತಾನೆ. ಆಪತ್ತಿನಲ್ಲಿ ಧೈರ್ಯ ಹೇಳುತ್ತಿದ್ದವಳೇ ಇಲ್ಲವಾದುದರಿಂದ ಈ ಆಪತ್ತಿನಲ್ಲಿ ತನಗೆ ಧೈರ್ಯ ಹೇಳುವವರಿಲ್ಲ. ಆಕೆ ಕಡೆಗೆ ಹೇಳಿಹೋದ ಮಾತುಗಳನ್ನೇ ತನಗೆ ಕಟ್ಟಳೆಯೆಂದು ನಡೆಯುವೆನೆಂದೂ, ತನ್ನಿಂದಾಗುವುದು ಇನ್ನೂ ಏನಾದರೂ ಇದ್ದರೆ ಅದನ್ನೂ ಮಾಡುವೆನೆಂದೂ ಹೇಳಿ, ಪಿತೃದೇವತೆಗಳು ಆಕೆಯನ್ನು ಶಾಂತಿಯಿಂದಿರಿಸಿ ಕಾಯಲೆಂದು ಬೇಡುತ್ತಾನೆ. ಕಡೆಯ ಪಂಕ್ತಿಗಳಿದ್ದ ತುಂಡು ಉಳಿದಿದೆ. ಆ ಬೇಡಿಕೆಯೊಂದಿಗೆ ಬರಹ ನಿಲ್ಲುತ್ತದೆ.